ಅಗ್ರಪೂಜೆಯೂ ಅಧಿಕಾರವೂ: ಪೇತ್ರನ ಪೀಠವನ್ನು ಕುರಿತ ವಾದವು ಕೊಚ್ಚಿಯ ನೆಲದಲ್ಲಿ ನಡೆದ ಬಗೆ

೧

ಕೊಚ್ಚಿ ನಗರದ ವೈಟ್ಟಿಲ ಎಂಬ ಕೂಡುದಾರಿಯನ್ನು ಅಲ್ಲಿ ನೆಲಸಿದ ಅಥವಾ ಆ ಮಾರ್ಗವಾಗಿ ತಿರುವನಂತಪುರಕ್ಕೆ ಪ್ರಯಾಣಮಾಡಿದ ಕನ್ನಡಿಗರೆಲ್ಲರೂ ಬಲ್ಲರು. ಅಲ್ಲಿಂದ ತ್ರಿಪುಣಿತ್ತುರವನ್ನು ದಾಟಿ ದಕ್ಷಿಣಕ್ಕೆ ಹೋದರೆ ಉದಯಂಪೇರೂರು ಸಿಕ್ಕುತ್ತದೆ; ಪಶ್ಚಿಮಕ್ಕೆ ಹಿನ್ನೀರನ್ನು ದಾಟಿದರೆ ಮಟ್ಟಾಂಚೇರಿ. ಎರಡು ಊರುಗಳೂ ವೈಟ್ಟಿಲದಿಂದ ಒಂದು ಹೊತ್ತಿನ ನಡಿಗೆಗಿಂತ ಹೆಚ್ಚು ದೂರದಲ್ಲಿಲ್ಲ. ಮೊದಲನೆಯ ಊರಿನಲ್ಲಿ ೧೫೯೯ನೆಯ ಇಸವಿಯ ಜೂನ್ ತಿಂಗಳಲ್ಲಿ ಸೇರಿದ ಧರ್ಮಪರಿಷತ್ತು ಮಲಬಾರಿನ ಪುರಾತನ ಕ್ರೈಸ್ತರನ್ನು ರೋಮಾಪುರಿಯ ಪೋಪರ ಆಜ್ಞೆಗೆ ಪೂರ್ಣವಾಗಿ ಒಳಪಡಿಸಿತು. ಎರಡನೆಯ ಊರಿನಲ್ಲಿ ೧೬೫೩ರ ಜನವರಿ ೩ರಂದು ಅದೇ ಕ್ರೈಸ್ತರು ಒಂದು ಶಿಲುಬೆಗೆ ಹಗ್ಗಗಳನ್ನು ಕಟ್ಟಿ, ಆ ಹಗ್ಗಗಳನ್ನು ಹಿಡಿದುಕೊಂಡು, ತಮ್ಮ ಮೇಲಿನ ಆಳ್ವಿಕೆಯನ್ನು ನಿರಾಕರಿಸುವ ಪ್ರತಿಜ್ಞೆಯನ್ನು ಮಾಡಿದರು. ಈ ಎರಡು ಘಟನೆಗಳ ನಡುವೆ ಕಳೆದುದು ಐವತ್ತಮೂರು ವರ್ಷ ಮಾತ್ರ.

ಈ ಘಟನೆಗಳನ್ನು ಸಾಮಾನ್ಯವಾಗಿ ಪೋರ್ತುಗೀಸರ ದಬ್ಬಾಳಿಕೆಯ ಕಥೆಯೊಳಗಿನ ಒಂದು ಅಧ್ಯಾಯವೆಂದು ಹೇಳಿ ಮುಗಿಸುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅಷ್ಟರಿಂದ ವಿಷಯವು ತೀರುವುದಿಲ್ಲ. ಉದಯಂಪೇರೂರಿನಲ್ಲಿಯೂ ಮಟ್ಟಾಂಚೇರಿಯಲ್ಲಿಯೂ ಜನರು ಯಾವ ಪ್ರಶ್ನೆಯನ್ನು ಕುರಿತು ಹೋರಾಡಿದರೋ ಅದೇ ಪ್ರಶ್ನೆಯು ಕ್ರೈಸ್ತ ಧರ್ಮಸಭೆಯ ಮೊದಲ ಐದು ಶತಮಾನಗಳನ್ನೂ ಕಲಕಿತ್ತು. ಅಪೊಸ್ತಲರಲ್ಲಿ ಪೇತ್ರನು ಮೊದಲಿಗನೆಂಬುದನ್ನು ಬಹುತೇಕ ಎಲ್ಲರೂ ಒಪ್ಪಿದ್ದರು. ಮೊದಲಿಗನಿಗೆ ಸಲ್ಲುವುದು ಗೌರವವೇ, ಆಜ್ಞಾಪಿಸುವ ಹಕ್ಕೇ ಎಂಬುದಷ್ಟೇ ವಿವಾದ. ಮಹಾಭಾರತದ ವಾಚಕರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ. ಧರ್ಮರಾಯನ ರಾಜಸೂಯದಲ್ಲಿ ಅಗ್ರಪೂಜೆ ಕೃಷ್ಣನಿಗೆ ಸಂದಿತು. ಆದರೆ ಆ ಕಾರಣದಿಂದ ಅಲ್ಲಿ ನೆರೆದಿದ್ದ ಅರಸರ ರಾಜ್ಯಗಳು ಕೃಷ್ಣನವಾಗಲಿಲ್ಲ. ಅಗ್ರಪೂಜೆ ಬೇರೆ, ಅಧಿಕಾರ ಬೇರೆ. ಈ ಎರಡನ್ನೂ ಒಂದೆಂದು ತಿಳಿದವರಿಗೂ ಬೇರೆಯೆಂದು ತಿಳಿದವರಿಗೂ ನಡೆದ ವಾದವೇ ಪ್ರಕೃತ ಲೇಖನದ ವಿಷಯ. ಕೊಚ್ಚಿಯಲ್ಲಿ ಆರಂಭಿಸಿ ನಮ್ಮ ಕನ್ನಡ ಜಿಲ್ಲೆಯ ಬ್ರಹ್ಮಾವರದವರೆಗೆ ಅದನ್ನು ಹಿಂಬಾಲಿಸಬಹುದಾಗಿದೆ. ಅದಕ್ಕೆ ಮುನ್ನ ಅದರ ಮೂಲವನ್ನು ಸ್ವಲ್ಪದಲ್ಲಿ ನೋಡಬೇಕು.

೨

ಮತ್ತಾಯನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಯೇಸು ಪೇತ್ರನನ್ನು ಬಂಡೆಯೆಂದು ಕರೆದು, ಆ ಬಂಡೆಯ ಮೇಲೆ ತನ್ನ ಸಭೆಯನ್ನು ಕಟ್ಟುವೆನೆಂದು ಹೇಳಿದ ಪ್ರಸಂಗವಿದೆ. ಪೇತ್ರನು ರೋಮಾಪುರಿಯಲ್ಲಿ ಹುತಾತ್ಮನಾದನೆಂಬ ನಂಬಿಕೆ ಪ್ರಾಚೀನವಾದುದು. ಆದುದರಿಂದ ಅಲ್ಲಿಯ ಬಿಷಪ್ಪನಿಗೆ ವಿಶೇಷ ಮನ್ನಣೆ ದೊರೆತುದು ಸಹಜ. ಮನ್ನಣೆಯಿಂದ ಆಜ್ಞೆಗೆ ಹೆಜ್ಜೆಯಿಟ್ಟಾಗಲೆಲ್ಲ ಪ್ರತಿರೋಧವೂ ಹುಟ್ಟಿದುದನ್ನು ಚರಿತ್ರೆ ತೋರಿಸುತ್ತದೆ.

ಸುಮಾರು ಕ್ರಿ. ಶ. ೧೯೦ರಲ್ಲಿ ರೋಮಾಪುರಿಯ ಬಿಷಪ್ ವಿಕ್ಟರನು, ಈಸ್ಟರ್ ಹಬ್ಬದ ದಿನವನ್ನು ತನ್ನಂತೆ ಆಚರಿಸದ ಏಷ್ಯಾ ಪ್ರಾಂತದ ಸಭೆಗಳನ್ನು ಬಹಿಷ್ಕರಿಸಲು ಹೊರಟನು. ಎಫೆಸದ ಪಾಲಿಕ್ರಾಟಿಸನು ತನ್ನ ಪ್ರಾಂತದ ಅಪೊಸ್ತಲಿಕ ಪರಂಪರೆಯನ್ನು ಎತ್ತಿಹಿಡಿದು ಮಣಿಯಲಿಲ್ಲ. ಲಿಯಾನ್ಸಿನ ಐರಿನೇಯಸನು ರೋಮಾಪುರಿಯ ಪಕ್ಷದ ಆಚರಣೆಯನ್ನೇ ಅನುಸರಿಸುತ್ತಿದ್ದರೂ ವಿಕ್ಟರನ ಉಗ್ರತೆಯನ್ನು ಆಕ್ಷೇಪಿಸಿದನು. ಮುಂದೆ ೨೫೬ರಲ್ಲಿ, ಪಾಷಂಡಿಗಳು ಕೊಟ್ಟ ದೀಕ್ಷಾಸ್ನಾನ ಸಿಂಧುವೇ ಎಂಬ ವಿಷಯದಲ್ಲಿ ಸ್ಟೀಫನನಿಗೂ ಕಾರ್ಥೇಜಿನ ಸಿಪ್ರಿಯನನಿಗೂ ಜಗಳವಾಯಿತು. ಆಫ್ರಿಕದ ಎಂಬತ್ತೇಳು ಮಂದಿ ಬಿಷಪ್ಪರು ಕಾರ್ಥೇಜಿನಲ್ಲಿ ನೆರೆದು ಸಿಪ್ರಿಯನನ ಪಕ್ಷವನ್ನು ಹಿಡಿದರು. ಬಿಷಪ್ಪರ ಮೇಲೆ ಬಿಷಪ್ಪನೆನಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂಬುದು ಸಿಪ್ರಿಯನನ ನಿಲುವು. ಅದೇ ಸಿಪ್ರಿಯನನು ಸಭೆಯ ಏಕತೆಯನ್ನು ಕುರಿತು ಬರೆದ ಗ್ರಂಥದ ನಾಲ್ಕನೆಯ ಅಧ್ಯಾಯವು ಎರಡು ಪಾಠಗಳಲ್ಲಿ ಉಳಿದುಬಂದಿದೆ. ಒಂದರಲ್ಲಿ ಪೇತ್ರನ ಪ್ರಾಥಮ್ಯದ ಮಾತು ಸ್ಪಷ್ಟವಾಗಿದೆ, ಇನ್ನೊಂದರಲ್ಲಿ ಅದಿಲ್ಲ. ಎರಡೂ ಸಿಪ್ರಿಯನನ ಕೈಯವೇ, ತನ್ನ ಮಾತಿಗೆ ರೋಮಾಪುರಿಯಲ್ಲಿ ಬೇರೆ ಅರ್ಥ ಹುಟ್ಟಿದುದನ್ನು ಕಂಡು ಅವನೇ ತಿದ್ದಿದನೆ ಎಂಬುದು ವಿದ್ವಾಂಸರ ನಡುವೆ ಬಹುಕಾಲ ಚರ್ಚಿತವಾದ ಸಂಗತಿ.

೩೨೫ರ ನೈಸಿಯ ಪರಿಷತ್ತು ತನ್ನ ಆರನೆಯ ನಿಯಮದಲ್ಲಿ ಅಲೆಗ್ಸಾಂಡ್ರಿಯದ ಬಿಷಪ್ಪನಿಗೆ ಈಜಿಪ್ತ, ಲಿಬಿಯ, ಪೆಂಟಪೊಲಿಸ್‌ಗಳ ಮೇಲೆ ಅಧಿಕಾರವನ್ನು ಸ್ಥಿರಪಡಿಸುವಾಗ ರೋಮಾಪುರಿಯ ರೂಢಿಯನ್ನು ನಿದರ್ಶನವಾಗಿ ತೋರಿಸಿತು. ರೋಮಾಪುರಿಯು ಅಲ್ಲಿ ಮಾದರಿಯಾಗಿ ಬರುತ್ತದೆಯೇ ಹೊರತು ಒಡೆಯನಾಗಿ ಬರುವುದಿಲ್ಲ. ೩೪೩ರ ಸಾರ್ದಿಕ ಪರಿಷತ್ತು ಮಾತ್ರ, ಪದಚ್ಯುತನಾದ ಬಿಷಪ್ಪನು ರೋಮಾಪುರಿಗೆ ಮೇಲ್ಮನವಿ ಕೊಡಬಹುದೆಂದು ವಿಧಿಸಿತು.

ಈ ವಿಧಿಯಿಂದ ಒಂದು ಸ್ವಾರಸ್ಯವಾದ ಪ್ರಕರಣ ಹುಟ್ಟಿತು. ಆಫ್ರಿಕದ ಸಿಕ್ಕ ಎಂಬ ಊರಿನ ಅಪಿಯಾರಿಯಸ್ ಎಂಬ ಪಾದ್ರಿ ತನ್ನ ಬಿಷಪ್ಪನಿಂದ ಬಹಿಷ್ಕೃತನಾಗಿ ರೋಮಾಪುರಿಗೆ ದೂರಿಟ್ಟನು. ಪೋಪ್ ಜೋಸಿಮಸನು ನೈಸಿಯದ ನಿಯಮವೆಂದು ಹೇಳಿ ಮೇಲ್ಮನವಿಯ ಹಕ್ಕನ್ನು ಮುಂದಿಟ್ಟನು. ಆಫ್ರಿಕದ ಬಿಷಪ್ಪರ ಬಳಿಯಿದ್ದ ನೈಸಿಯದ ಪ್ರತಿಯಲ್ಲಿ ಆ ನಿಯಮವಿರಲಿಲ್ಲ. ೪೧೯ರ ಕಾರ್ಥೇಜ್ ಪರಿಷತ್ತು ಅಲೆಗ್ಸಾಂಡ್ರಿಯಕ್ಕೂ ಕಾನ್‌ಸ್ಟಾಂಟಿನೋಪಲಿಗೂ ಬರೆದು ಶುದ್ಧಪ್ರತಿಗಳನ್ನು ತರಿಸಿತು. ಅವುಗಳಲ್ಲಿಯೂ ಅದು ಇರಲಿಲ್ಲ. ಏಕೆಂದರೆ ಅದು ಸಾರ್ದಿಕದ ನಿಯಮ. ರೋಮಾಪುರಿಯ ಕಡತದಲ್ಲಿ ನೈಸಿಯದ ನಿಯಮಗಳ ಬೆನ್ನಿಗೇ ಸಾರ್ದಿಕದವನ್ನೂ ಬರೆದಿಟ್ಟಿದ್ದುದರಿಂದ ಈ ಗೊಂದಲ. ಕೊನೆಗೆ ಆಫ್ರಿಕದವರು ಪೋಪ್ ಸೆಲೆಸ್ಟಿನನಿಗೆ ಪತ್ರ ಬರೆದು, ತಮ್ಮ ವ್ಯಾಜ್ಯಗಳನ್ನು ಸಮುದ್ರದಾಚೆ ಒಯ್ಯುವುದು ಸಲ್ಲದೆಂದು ತಿಳಿಸಿದರು. ಪೇತ್ರನ ಗೌರವವನ್ನು ಅವರು ಅಲ್ಲಗಳೆಯಲಿಲ್ಲ. ತಮ್ಮ ಊರಿನ ಸಾಕ್ಷಿಗಳನ್ನು ತಾವೇ ಕೇಳಬಲ್ಲೆವೆಂದಷ್ಟೇ ಹೇಳಿದರು.

ಇನ್ನೊಂದು ಕಡೆ ರೋಮಾಪುರಿಯ ಸಿದ್ಧಾಂತವೂ ಬೆಳೆಯುತ್ತಿತ್ತು. ೪೪೦ರಿಂದ ೪೬೧ರವರೆಗೆ ಪೀಠದಲ್ಲಿದ್ದ ಮಹಾ ಲಿಯೊ, ಪೇತ್ರನು ತನ್ನ ಉತ್ತರಾಧಿಕಾರಿಗಳ ಮೂಲಕ ಇಂದಿಗೂ ಆಳುತ್ತಿದ್ದಾನೆಂದು ಪ್ರತಿಪಾದಿಸಿದನು. ೪೫೧ರ ಕಾಲ್ಸೆಡನ್ ಪರಿಷತ್ತಿನ ಬಿಷಪ್ಪರು ಲಿಯೊವಿನ ಸಿದ್ಧಾಂತಪತ್ರವನ್ನು ಪೇತ್ರನ ದನಿಯೆಂದೇ ಜಯಘೋಷದಿಂದ ಸ್ವೀಕರಿಸಿದರು. ಆದರೆ ಅದೇ ಪರಿಷತ್ತು ತನ್ನ ಇಪ್ಪತ್ತೆಂಟನೆಯ ನಿಯಮದಲ್ಲಿ, ರೋಮಾಪುರಿಯ ಹಿರಿಮೆಗೆ ಅದು ಸಾಮ್ರಾಜ್ಯದ ರಾಜಧಾನಿಯಾಗಿದ್ದುದೇ ಕಾರಣವೆಂದೂ ಹೊಸ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿಗೂ ಸಮಾನ ಹಿರಿಮೆ ಸಲ್ಲಬೇಕೆಂದೂ ವಿಧಿಸಿತು. ಲಿಯೊ ಆ ನಿಯಮವನ್ನು ಒಪ್ಪಲಿಲ್ಲ. ಒಂದೇ ಸಭೆ, ಒಂದೇ ತಿಂಗಳು. ಎರಡು ಪಕ್ಷಕ್ಕೂ ಪ್ರಮಾಣ ದೊರೆಯಿತು.

೩

ಇವೆಲ್ಲ ರೋಮನ್ ಸಾಮ್ರಾಜ್ಯದೊಳಗಿನ ಮಾತು. ಮಲಬಾರಿನ ಕ್ರೈಸ್ತರು ಆ ಸಾಮ್ರಾಜ್ಯದ ಹೊರಗಿನವರು. ತಮ್ಮ ಸಭೆಯನ್ನು ಅಪೊಸ್ತಲ ತೋಮನೇ ಸ್ಥಾಪಿಸಿದನೆಂಬುದು ಅವರ ಪರಂಪರಾಗತ ನಂಬಿಕೆ. ಅವರ ಬಿಷಪ್ಪರು ಬರುತ್ತಿದ್ದುದು ಪಾರಸಿಕ ದೇಶದ ಪೂರ್ವಸಭೆಯಿಂದ. ಆ ಸಭೆಯು ೪೧೦ರಲ್ಲಿ ಸೆಲ್ಯೂಷಿಯದಲ್ಲಿ ಸೇರಿ ನೈಸಿಯದ ನಿಯಮಗಳನ್ನು ಸ್ವೀಕರಿಸಿತ್ತು. ೪೨೪ರಲ್ಲಿ ದಾದೀಶೋ ಎಂಬ ಕಥೋಲಿಕೋಸನ ಕಾಲದಲ್ಲಿ, ತಮ್ಮ ಮುಖ್ಯಸ್ಥನ ವಿರುದ್ಧ ಪಶ್ಚಿಮದ ಪೇಟ್ರಿಯಾರ್ಕರಿಗೆ ಮೇಲ್ಮನವಿ ಹೋಗಕೂಡದೆಂದು ವಿಧಿಸಿತು. ಆಫ್ರಿಕದವರು ಸಮುದ್ರದಾಚೆಯ ನ್ಯಾಯ ಬೇಡವೆಂದು ಬರೆದ ದಶಕದಲ್ಲಿಯೇ ಪಾರಸಿಕದವರೂ ಅದೇ ನಿರ್ಧಾರಕ್ಕೆ ಬಂದುದು ಗಮನಾರ್ಹ. ಒಬ್ಬರಿಗೊಬ್ಬರ ಸುದ್ದಿಯಿಲ್ಲದ ಎರಡು ಗಡಿಗಳಲ್ಲಿ ಒಂದೇ ಉತ್ತರ ಹುಟ್ಟಿತು.

ಮಲಬಾರಿನಲ್ಲಿ ಈ ದೂರದ ಸಂಬಂಧವು ತಾಳಿದ ರೂಪ ವಿಶಿಷ್ಟವಾದುದು. ಬಾಬಿಲೋನಿನ ಪೇಟ್ರಿಯಾರ್ಕನೆಂದು ಅವರು ಕರೆಯುತ್ತಿದ್ದ ಮುಖ್ಯಸ್ಥನು ಮೆಟ್ರೋಪಾಲಿಟನನ್ನು ಕಳುಹಿಸುತ್ತಿದ್ದನು. ಆತನು ಸಿರಿಯಾಕ್ ಭಾಷೆಯಲ್ಲಿ ಪೂಜೆಯನ್ನು ನಡೆಸುವನು, ಪಾದ್ರಿಗಳಿಗೆ ದೀಕ್ಷೆ ಕೊಡುವನು. ನಾಡಿನ ಭಾಷೆಯಾಗಲಿ ವ್ಯವಹಾರವಾಗಲಿ ಅವನಿಗೆ ಬಾರದು. ಜನರನ್ನು ಆಳುತ್ತಿದ್ದವನು ಸ್ಥಳೀಯನಾದ ಅರ್ಕದಿಯಾಕೋನ. ‘ಜಾತಿಗೆ ಕರ್ತವ್ಯನ್’ ಎಂಬುದು ಅವನ ಬಿರುದು; ಪಕಲೋಮಟ್ಟಂ ಮನೆತನದಲ್ಲಿ ಆ ಪದವಿ ವಂಶಾನುಗತವಾಗಿ ಬಂದಿತ್ತು. ಅವನ ಕೆಳಗೆ ಪ್ರತಿ ಇಗರ್ಜಿಯಲ್ಲಿಯೂ ಪಾದ್ರಿಗಳೂ ಮನೆಯ ಯಜಮಾನರೂ ಸೇರಿ ನಡೆಸುವ ಪಳ್ಳಿಯೋಗ. ಹೀಗೆ ಅಗ್ರಪೂಜೆ ದೂರದ ಪೀಠಕ್ಕೆ, ಅಧಿಕಾರ ನಾಡಿನ ಕೈಗೆ ಎಂಬ ವಿಭಜನೆ ಇಲ್ಲಿ ಯಾವ ಪರಿಷತ್ತಿನ ನಿಯಮವೂ ಇಲ್ಲದೆ ರೂಢಿಯಿಂದಲೇ ನೆಲೆಗೊಂಡಿತು.

೪

ಪೋರ್ತುಗೀಸರು ಬಂದಾಗ ಈ ವಿಭಜನೆ ಅವರಿಗೆ ಅರ್ಥವಾಗಲಿಲ್ಲ. ಅವರ ದೃಷ್ಟಿಯಲ್ಲಿ ಗೌರವ ಮತ್ತು ಆಜ್ಞೆಗಳು ಒಂದೇ ಸರಪಳಿಯ ಕೊಂಡಿಗಳು. ಸರಪಳಿಯ ಮೇಲಿನ ತುದಿ ರೋಮಾಪುರಿಯಲ್ಲಿ, ಕೆಳಗಿನ ತುದಿ ಗೋವದಲ್ಲಿ. ಭಾರತದ ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಪೋಪರೇ ಪೋರ್ತುಗಲ್ಲಿನ ದೊರೆಗೆ ಕೊಟ್ಟಿದ್ದರು. ಇದಕ್ಕೆ ಪದ್ರೋದೊ ಎಂದು ಹೆಸರು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ೧೫೯೯ಕ್ಕೆ ಮುಂಚೆಯೇ ಮಲಬಾರಿನ ಸಭೆಗೆ ಪೋಪರ ಪರಿಚಯವಿತ್ತು. ೧೫೫೩ರಲ್ಲಿ ಪೂರ್ವಸಭೆಯ ಒಂದು ಪಕ್ಷದ ಸುಲಾಕನು ರೋಮಾಪುರಿಗೆ ಹೋಗಿ ಪೋಪರಿಂದ ಪೇಟ್ರಿಯಾರ್ಕ್ ಪದವಿಯ ಸ್ಥಿರೀಕರಣವನ್ನು ಪಡೆದಿದ್ದನು. ಅಂಗಮಾಲಿಯ ಕೊನೆಯ ಸಿರಿಯಾಕ್ ಮೆಟ್ರೋಪಾಲಿಟನಾದ ಮಾರ್ ಅಬ್ರಹಾಮನು ತಾನೇ ರೋಮಾಪುರಿಗೆ ಹೋಗಿಬಂದವನು. ೧೫೮೫ರ ಗೋವದ ಪರಿಷತ್ತಿನಲ್ಲಿಯೂ ಕುಳಿತಿದ್ದವನು. ಆದುದರಿಂದ ಪೋಪರನ್ನು ಅರಿಯದ ಜನರಿಗೆ ಉದಯಂಪೇರೂರಿನಲ್ಲಿ ಪೋಪರ ಪರಿಚಯ ಮಾಡಿಸಲಾಯಿತೆಂಬ ಹೇಳಿಕೆ ನಿಲ್ಲದು. ಅಲ್ಲಿ ಹೊಸದಾಗಿ ಬಂದುದು ಪೋಪರ ಹೆಸರಿನಲ್ಲಿ ಗೋವದ ಆಡಳಿತ.

ಮಾರ್ ಅಬ್ರಹಾಮನು ೧೫೯೭ರಲ್ಲಿ ತೀರಿಕೊಂಡನು. ಗೋವದ ಆರ್ಚ್‌ಬಿಷಪ್ ಅಲೆಯ್ಶೊ ದ ಮೆನೆಜಸನು ೧೫೯೯ರ ಆದಿಯಲ್ಲಿ ಮಲಬಾರಿಗೆ ಬಂದು ಊರೂರು ತಿರುಗಿದನು. ಹಲವರಿಗೆ ಹೊಸದಾಗಿ ಪಾದ್ರಿದೀಕ್ಷೆಯನ್ನು ಕೊಟ್ಟು ತನ್ನ ಪಕ್ಷವನ್ನು ಬೆಳೆಸಿಕೊಂಡನು. ಅರ್ಕದಿಯಾಕೋನ ಗೀವರ್ಗೀಸನು ಬಹುಕಾಲ ತಡೆದು ಕಡೆಗೆ ಮಣಿದನು. ಜೂನ್ ೨೦ರಂದು ಉದಯಂಪೇರೂರಿನ ಇಗರ್ಜಿಯಲ್ಲಿ ಪರಿಷತ್ತು ಆರಂಭವಾಗಿ ೨೬ರಂದು ಮುಗಿಯಿತು. ೧೫೩ ಮಂದಿ ಪಾದ್ರಿಗಳೂ ೬೬೦ ಮಂದಿ ಗೃಹಸ್ಥ ಪ್ರತಿನಿಧಿಗಳೂ ಸೇರಿದ್ದರೆಂದು ಲೆಕ್ಕ. ಒಂದು ವಾರದಲ್ಲಿ ಇನ್ನೂರು ನಿರ್ಣಯಗಳು ಅಂಗೀಕೃತವಾದುವು. ದಿನಕ್ಕೆ ಸುಮಾರು ಮೂವತ್ತು ನಿರ್ಣಯಗಳನ್ನು, ಅದೂ ಪೋರ್ತುಗೀಸಿನಿಂದ ಭಾಷಾಂತರವಾಗಿ ಬಂದವನ್ನು, ಎಂಟುನೂರು ಜನರ ಸಭೆ ಎಷ್ಟರಮಟ್ಟಿಗೆ ವಿಚಾರಿಸಿರಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಈ ನಿರ್ಣಯಗಳಲ್ಲಿ ನಮಗೆ ಮುಖ್ಯವಾದುದು ಮೂರನೆಯ ಅಧಿವೇಶನದ ಏಳನೆಯದು. ಸಂತ ತೋಮನ ನ್ಯಾಯ ಒಂದು, ಸಂತ ಪೇತ್ರನ ನ್ಯಾಯ ಇನ್ನೊಂದು. ಇದು ಇದರೊಳಗೆ ಕೈಹಾಕಕೂಡದು ಎಂದು ಮಲಬಾರಿನವರು ಹೇಳುತ್ತಿದ್ದ ಮಾತನ್ನು ಅದು ಪಾಷಂಡವೆಂದು ಖಂಡಿಸಿತು. ಇದರ ಜೊತೆಗೆ ಬಾಬಿಲೋನಿನ ಪೇಟ್ರಿಯಾರ್ಕನ ಹೆಸರನ್ನು ಪೂಜೆಯಲ್ಲಿ ಹೇಳುವುದೂ ನಿಷಿದ್ಧವಾಯಿತು.

ತೋಮನ ನ್ಯಾಯವೆಂದರೆ ಜನರ ಮನಸ್ಸಿನಲ್ಲಿದ್ದುದೇನು? ‘ಮಾರ್ಗಂ’ ಎಂಬುದು ಅವರು ಬಳಸುತ್ತಿದ್ದ ಶಬ್ದ. ಕನ್ನಡದಲ್ಲಿಯೂ ಮಾರ್ಗವೆಂದರೆ ದಾರಿ, ನಡೆ, ಪದ್ಧತಿ. ಪೂಜಾಕ್ರಮ, ಉಪವಾಸ, ಪಳ್ಳಿಯೋಗ, ಪಾದ್ರಿಗಳ ವಿವಾಹ, ಅರ್ಕದಿಯಾಕೋನನ ಆಳ್ವಿಕೆ ಇವೆಲ್ಲವೂ ಸೇರಿ ತೋಮನ ಮಾರ್ಗ. ಪೋರ್ತುಗೀಸರು ಇದನ್ನು ತಮ್ಮ ಭಾಷೆಯಲ್ಲಿ ಕಾನೂನೆಂದು ತಿರುಗಿಸಿ, ಅದನ್ನು ಸಿದ್ಧಾಂತವೆಂದು ಗ್ರಹಿಸಿದರು. ನಮ್ಮ ನಡೆ ನಮಗೆ ಎಂದು ಒಂದು ಪಕ್ಷ ಹೇಳಿದರೆ, ನಿಮ್ಮ ದೇವರೇ ಬೇರೆಯೇ ಎಂದು ಇನ್ನೊಂದು ಪಕ್ಷ ಕೇಳಿತು. ಭಾಷಾಂತರದ ಒಂದು ಶಬ್ದವು ಎರಡು ಜನಾಂಗಗಳ ನಡುವೆ ಶತಮಾನಗಳ ಬಿರುಕನ್ನು ಹಿಗ್ಗಿಸಿತೆಂಬುದು ನನ್ನ ಅಭಿಪ್ರಾಯ.

ಉದಯಂಪೇರೂರಿನ ಪರಿಷತ್ತು ನ್ಯಾಯಸಮ್ಮತವೇ ಎಂಬ ಸಂದೇಹ ವಿರೋಧಿಗಳಿಗೆ ಮಾತ್ರ ಹುಟ್ಟಿದುದಲ್ಲ. ಮೆನೆಜಸನ ಅನಂತರ ಬಿಷಪ್ಪನಾದ ಫ್ರಾನ್ಸಿಸ್ಕೊ ರೋಸನು ಸ್ವತಃ ಜೆಸ್ಯುಯಿಟ್ ಸಂಘದವನು, ಸಿರಿಯಾಕ್ ಬಲ್ಲವನು, ಉದಯಂಪೇರೂರಿನಲ್ಲಿ ಉಪಸ್ಥಿತನಿದ್ದವನು. ಅವನೇ ಆ ಪರಿಷತ್ತಿನ ಬಗ್ಗೆ ಆಕ್ಷೇಪಗಳನ್ನು ಬರೆದು, ೧೬೦೩ರಲ್ಲಿ ಅಂಗಮಾಲಿಯಲ್ಲಿ ಬೇರೊಂದು ಸಭೆಯನ್ನು ಕರೆದನು. ೧೯೫೮ರಲ್ಲಿ ರೋಮಾಪುರಿಯಿಂದಲೇ ಪ್ರಕಟವಾದ ಜೋನಾಸ್ ತಲಿಯತ್ತರ ಸಂಶೋಧನೆಯು ಧರ್ಮಸಭೆಯ ಕಾನೂನಿನ ದೃಷ್ಟಿಯಿಂದ ಆ ಪರಿಷತ್ತು ಅಸಿಂಧುವೆಂದು ತೀರ್ಮಾನಿಸಿತು.

೫

ರೋಸ್, ಬ್ರಿತ್ತೊ, ಗಾರ್ಸಿಯ ಎಂಬ ಮೂವರು ಜೆಸ್ಯುಯಿಟ್ ಬಿಷಪ್ಪರ ಕಾಲದಲ್ಲಿ ಅರ್ಕದಿಯಾಕೋನನ ಅಧಿಕಾರ ಕುಗ್ಗುತ್ತ ಬಂದಿತು. ಗಾರ್ಸಿಯನಿಗೂ ಅರ್ಕದಿಯಾಕೋನ ತೋಮನಿಗೂ ಬಹಿರಂಗ ವೈರವೇ ಬೆಳೆಯಿತು. ಇಂತಿರಲು ೧೬೫೨ರಲ್ಲಿ ಅಹತಲ್ಲ ಎಂಬ ಸಿರಿಯದ ಬಿಷಪ್ಪನು ಮೈಲಾಪುರಕ್ಕೆ ಬಂದಿಳಿದನು. ಪೋರ್ತುಗೀಸರು ಆತನನ್ನು ಬಂಧಿಸಿ ಗೋವದ ಕಡೆಗೆ ಸಾಗಿಸುವಾಗ ಹಡಗು ಕೊಚ್ಚಿಗೆ ಬಂದಿತು. ಜನರು ಕೋಟೆಯ ಹೊರಗೆ ನೆರೆದು, ಆತನನ್ನು ಒಮ್ಮೆ ನೋಡಗೊಡಿರೆಂದು ಬೇಡಿದರೂ ಫಲವಾಗಲಿಲ್ಲ. ಆತನನ್ನು ಸಮುದ್ರಕ್ಕೆ ನೂಕಿದರೆಂಬ ವದಂತಿ ಹಬ್ಬಿತು. ವದಂತಿ ಸುಳ್ಳು, ಆತನು ಗೋವಕ್ಕೂ ಅಲ್ಲಿಂದ ಯೂರೋಪಿಗೂ ಒಯ್ಯಲ್ಪಟ್ಟನೆಂದು ಈಚಿನ ಸಂಶೋಧನೆ ತೋರಿಸಿದೆ. ಆದರೆ ಕೊಚ್ಚಿಯ ಹೊರಗೆ ನಿಂತಿದ್ದವರಿಗೆ ಅದು ತಿಳಿಯುವ ಬಗೆಯಿರಲಿಲ್ಲ. ೧೬೫೩ರ ಜನವರಿ ೩ರಂದು ಮಟ್ಟಾಂಚೇರಿಯಲ್ಲಿ ಪ್ರತಿಜ್ಞೆ ನಡೆಯಿತು. ಜನರ ಭಾರಕ್ಕೆ ಶಿಲುಬೆ ಬಾಗಿತೆಂಬ ಪ್ರತೀತಿಯಿಂದ ಅದಕ್ಕೆ ‘ಕೂನನ್ ಕುರಿಶು’ ಪ್ರತಿಜ್ಞೆಯೆಂದು ಹೆಸರಾಯಿತು.

ಅಲ್ಲಿ ಪ್ರತಿಜ್ಞೆ ಮಾಡಿದುದೇನು? ಕಥೋಲಿಕ ಪಕ್ಷದ ಚರಿತ್ರಕಾರರು, ಗಾರ್ಸಿಯನಿಗೂ ಜೆಸ್ಯುಯಿಟ್ ಪಾದ್ರಿಗಳಿಗೂ ವಿಧೇಯರಾಗಿರೆವೆಂದಷ್ಟೇ ಜನರು ಆಣೆಯಿಟ್ಟರೆಂದು ಹೇಳುತ್ತಾರೆ. ಆರ್ಥೊಡಾಕ್ಸ್ ಪಕ್ಷದವರು, ಪರಂಗಿಯವರನ್ನೂ ಅವರ ಪೋಪರನ್ನೂ ನಿರಾಕರಿಸಿದರೆನ್ನುತ್ತಾರೆ. ಎರಡು ಪಕ್ಷಗಳ ಇಂದಿನ ನಿಲುವೂ ಈ ಒಂದು ವಾಕ್ಯದ ಪಾಠವನ್ನು ಅವಲಂಬಿಸಿರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಮಾತಿನ ಸಾಕ್ಷ್ಯ ಹೀಗೆ ಇಬ್ಬಗೆಯಾಗಿರುವಾಗ ಕಾರ್ಯದ ಸಾಕ್ಷ್ಯವನ್ನು ನೋಡುವುದು ಒಳಿತು. ೧೬೫೩ರ ಮೇ ತಿಂಗಳಲ್ಲಿ ಆಲಂಗಾಡಿನಲ್ಲಿ ಹನ್ನೆರಡು ಮಂದಿ ಪಾದ್ರಿಗಳು ಅರ್ಕದಿಯಾಕೋನನ ತಲೆಯ ಮೇಲೆ ಕೈಯಿಟ್ಟು ಆತನನ್ನು ಮೊದಲನೆಯ ಮಾರ್ ತೋಮ ಎಂಬ ಬಿಷಪ್ಪನನ್ನಾಗಿ ಮಾಡಿದರು. ಕೇವಲ ಕೆಲವು ಪಾದ್ರಿಗಳ ಮೇಲಣ ಮುನಿಸಾಗಿದ್ದರೆ ಇಷ್ಟು ದೊಡ್ಡ ಹೆಜ್ಜೆಯನ್ನಿಡುವ ಅಗತ್ಯವಿರಲಿಲ್ಲ. ಮರುಪಕ್ಷಕ್ಕೆ, ಪೋಪ್ ಏಳನೆಯ ಅಲೆಗ್ಸಾಂಡರರು ಗೋವವನ್ನು ಬದಿಗಿಟ್ಟು ನೇರವಾಗಿ ಕಳುಹಿಸಿದ ಕಾರ್ಮೆಲೈಟ್ ಸಂನ್ಯಾಸಿ ಸೆಬಾಸ್ತಿಯಾನಿ ೧೬೫೭ರಲ್ಲಿ ಬಂದಾಗ ಅನೇಕ ಇಗರ್ಜಿಗಳು ಆತನಿಗೆ ಬಾಗಿಲು ತೆರೆದುವು. ಪೋಪರನ್ನೇ ನಿರಾಕರಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ೧೬೬೩ರ ಜನವರಿಯಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದು ಪಾದ್ರಿಗಳನ್ನು ಹೊರಡಿಸಿದಾಗ ಸೆಬಾಸ್ತಿಯಾನಿಯು ಫೆಬ್ರವರಿ ೧ರಂದು ಕಡುತ್ತುರುತ್ತಿಯಲ್ಲಿ ನಾಡಿನವನೇ ಆದ ಪರಂಬಿಲ್ ಚಾಂಡಿಯನ್ನು ಬಿಷಪ್ಪನನ್ನಾಗಿ ಮಾಡಿ ಹೋದನು. ಮಾರ್ ತೋಮನ ಪಕ್ಷಕ್ಕೆ ೧೬೬೫ರಲ್ಲಿ ಗ್ರೆಗೋರಿಯೋಸ್ ಎಂಬ ಬಿಷಪ್ಪನು ಅಂತಿಯೋಕ್ಯದ ಪರಂಪರೆಯಿಂದ ಬಂದು ನೆರವಾದನು.

ಅಂತಿಯೋಕ್ಯದ ಸಭೆಗೂ ಬಾಬಿಲೋನಿನ ಸಭೆಗೂ ಕ್ರಿಸ್ತನ ಸ್ವರೂಪವನ್ನು ಕುರಿತ ಸಿದ್ಧಾಂತದಲ್ಲಿ ಐದನೆಯ ಶತಮಾನದಿಂದಲೂ ಹಗೆ. ಮಲಬಾರಿನವರಿಗೆ ಸಿದ್ಧಾಂತವೇ ಮುಖ್ಯವಾಗಿದ್ದರೆ ಈ ಬದಲಾವಣೆಯನ್ನು ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ. ದೂರದ ಪೀಠವೊಂದು ತಮ್ಮ ಬಿಷಪ್ಪನಿಗೆ ಪರಂಪರೆಯ ಮುದ್ರೆಯೊತ್ತಬೇಕು, ಆಳ್ವಿಕೆ ಮಾತ್ರ ತಮ್ಮಲ್ಲಿರಬೇಕು. ರೋಮಾಪುರಿಗೆ ಮರಳಿದವರೂ ಅಂತಿಯೋಕ್ಯದತ್ತ ತಿರುಗಿದವರೂ ಬೇಡಿದುದು ಇದನ್ನೇ. ಆದುದರಿಂದ ಮಟ್ಟಾಂಚೇರಿಯಲ್ಲಿ ಜನರು ನಿರಾಕರಿಸಿದುದು ಪೇತ್ರನ ಗೌರವವನ್ನಲ್ಲ, ಪೇತ್ರನ ಹೆಸರಿನಲ್ಲಿ ತೋಮನ ಮನೆಗೆ ಬಂದು ಯಜಮಾನಿಕೆ ನಡೆಸಿದ ಕೈಯನ್ನು ಎಂದು ತಿಳಿಯುವುದು ಯುಕ್ತವಾಗಿದೆ.

ರೋಮಾಪುರಿಯೊಳಗೆ ಉಳಿದವರ ಮುಂದಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ೧೭೭೮ರಲ್ಲಿ ಕರಿಯಾಟ್ಟಿಲ್ ಜೋಸೆಫರೂ ಪಾರೇಮ್ಮಾಕ್ಕಲ್ ತೋಮ ಕತ್ತನಾರರೂ ಮಾರ್ ತೋಮನ ಪಕ್ಷವನ್ನು ಪೋಪರೊಡನೆ ಸೇರಿಸುವ ಉದ್ದೇಶದಿಂದ ಯೂರೋಪಿಗೆ ಹೊರಟರು. ಕರಿಯಾಟ್ಟಿಲರು ಆರ್ಚ್‌ಬಿಷಪ್ ಪದವಿಯನ್ನು ಪಡೆದು ಮರಳುವಾಗ ೧೭೮೬ರಲ್ಲಿ ಗೋವದಲ್ಲಿ ತೀರಿಕೊಂಡರು. ಪಾರೇಮ್ಮಾಕ್ಕಲರು ಬರೆದ ‘ವರ್ತಮಾನಪ್ಪುಸ್ತಕಂ’ ಮಲಯಾಳದ ಮೊದಲ ಪ್ರವಾಸಕಥನ. ಪೋಪರಲ್ಲಿ ಆ ಗ್ರಂಥಕರ್ತರಿಗಿದ್ದ ಭಕ್ತಿ ನಿಸ್ಸಂದೇಹವಾದುದು. ಪ್ರತಿಯೊಂದು ಜನಾಂಗವನ್ನೂ ಆ ಜನಾಂಗದವರೇ ಆಳಬೇಕೆಂಬ ಅವರ ವಾದವೂ ಅಷ್ಟೇ ನಿಸ್ಸಂದಿಗ್ಧವಾದುದು.

೬

ಇದು ಮಲಯಾಳದ ಸಂಗತಿ, ಕನ್ನಡಿಗರಿಗೇನು ಎಂದು ಕೇಳುವವರಿದ್ದಾರು. ಗೋವದ ಆರ್ಚ್‌ಬಿಷಪ್ಪನ ಆಡಳಿತ ಮಲಬಾರಿಗೆ ಚಾಚಿದಂತೆಯೇ ಕನ್ನಡ ಕರಾವಳಿಗೂ ಚಾಚಿತ್ತು. ೧೬೨೨ರಲ್ಲಿ ಪೋಪರು ಧರ್ಮಪ್ರಸಾರಕ್ಕೆಂದು ಪ್ರೊಪಗಾಂಡ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ, ಅದರ ಪರವಾಗಿ ತೋಮಸ್ ದ ಕಾಸ್ತ್ರೊ ಎಂಬ ಬಿಷಪ್ಪನು ೧೬೭೦ರ ದಶಕದಲ್ಲಿ ಕನ್ನಡ ಜಿಲ್ಲೆಗೆ ನಿಯುಕ್ತನಾದನು. ಗೋವ ಅದನ್ನು ಒಪ್ಪಲಿಲ್ಲ. ೧೬೮೧ರಲ್ಲಿ ಗೋವದ ಕಡೆಯಿಂದ ಬಂದ ಪಾದ್ರಿ ಜೋಸೆಫ್ ವಾಜರು, ಮುಂದೆ ೨೦೧೫ರಲ್ಲಿ ಸಂತರೆಂದು ಘೋಷಿತರಾದವರು, ಮೂರು ವರ್ಷ ಈ ಜಗಳದ ನಡುವೆಯೇ ಸೇವೆ ಸಲ್ಲಿಸಬೇಕಾಯಿತು. ವಿಚಿತ್ರವೆಂದರೆ ಇಲ್ಲಿ ಎರಡ��ು ಪಕ್ಷಗಳ ಕೈಯಲ್ಲಿಯೂ ಪೋಪರ ಶಾಸನವೇ ಇದ್ದಿತು: ಒಂದರದು ಹಳೆಯದು, ಇನ್ನೊಂದರದು ಹೊಸದು.

೧೮೩೮ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿಯವರು ಪದ್ರೋದೊ ಅಧಿಕಾರವನ್ನು ಬಹುಮಟ್ಟಿಗೆ ಕಿತ್ತುಹಾಕಿ ಮಂಗಳೂರನ್ನು ಕೊಚ್ಚಿಯ ಬಳಿಯ ವರಾಪ್ಪುಳದ ಕಾರ್ಮೆಲೈಟರಿಗೆ ಒಪ್ಪಿಸಿದರು. ೧೮೪೫ರಲ್ಲಿ ಮಂಗಳೂರು ಪ್ರತ್ಯೇಕವಾಯಿತು. ಆದರೂ ಕೆಲವು ಇಗರ್ಜಿಗಳು ಗೋವವನ್ನು ಬಿಡಲಿಲ್ಲ. ೧೮೮೬ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರಿಗೂ ಪೋರ್ತುಗಲ್ಲಿಗೂ ಆದ ಒಪ್ಪಂದದಿಂದ ಅವು ಕೂಡ ಗೋವದ ಕೈಬಿಡಬೇಕಾದಾಗ, ಆಲ್ವಾರಿಸ್ ಎಂಬ ಗೋವದ ಪಾದ್ರಿ ಪ್ರತಿಭಟಿಸಿ ರೋಮಾಪುರಿಯ ಸಂಬಂಧವನ್ನೇ ಕಡಿದುಕೊಂಡು ಮಲಯಾಳಕ್ಕೆ ಹೋದನು. ೧೮೮೯ರ ಜುಲೈ ೨೯ರಂದು ಕೋಟ್ಟಯಂನ ಹಳೆಯ ಸೆಮಿನರಿಯಲ್ಲಿ ಆತನಿಗೆ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಮೆಟ್ರೋಪಾಲಿಟನ್ ಪಟ್ಟವಾಯಿತು. ಉಡುಪಿಯ ಬಳಿಯ ಬ್ರಹ್ಮಾವರದಲ್ಲಿ ಪಾದ್ರಿ ಆರ್. ಝಡ್. ನೊರೋನ್ಹಾರ ನೇತೃತ್ವದಲ್ಲಿ ಕೊಂಕಣಿ ಮಾತನಾಡುವ ಕ್ರೈಸ್ತರ ಒಂದು ಗುಂಪು ಆತನನ್ನು ಹಿಂಬಾಲಿಸಿತು. ಉಪವಾಸವಾಗಲಿ ಜಪವಾಗಲಿ ಬದಲಾಗಬೇಕೆಂದು ಅವರು ಹೊರಟವರಲ್ಲ. ಲತೀನ್ ಪರಂಪರೆಯ ಪೂಜಾಕ್ರಮವನ್ನು ತಮ್ಮೊಡನೆ ಕೊಂಡೊಯ್ದರು. ತಮ್ಮನ್ನು ಕೇಳದೆ ತಮ್ಮನ್ನು ಒಬ್ಬರಿಂದ ಒಬ್ಬರಿಗೆ ಹಸ್ತಾಂತರಿಸಿದುದೇ ಅವರ ಕುಂದು. ಆ ಸಮುದಾಯ ಇಂದಿಗೂ ಉಳಿದಿದೆ. ೨೦೧೦ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯು ಬ್ರಹ್ಮಾವರವನ್ನು ಪ್ರತ್ಯೇಕ ಧರ್ಮಪ್ರಾಂತವನ್ನಾಗಿ ಮಾಡಿತು.

ಕಾಲದ ಇನ್ನೊಂದು ಹೊಂದಾಣಿಕೆಯನ್ನು ಇಲ್ಲಿ ಗಮನಿಸಬೇಕು. ಆಲ್ವಾರಿಸನಿಗೆ ಪಟ್ಟವಾದ ತಿಂಗಳಲ್ಲಿಯೇ, ೧೮೮೯ರ ಜುಲೈ ೧೨ರಂದು, ತಿರುವನಂತಪುರದ ರಾಜಕೀಯ ಮೇಲ್ಮನವಿ ನ್ಯಾಯಾಲಯವು ಸೆಮಿನರಿ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅಂತಿಯೋಕ್ಯದ ಪೇಟ್ರಿಯಾರ್ಕನಿಗೆ ಮಲಂಕರ ಸಭೆಯ ಮೇಲೆ ಆಧ್ಯಾತ್ಮಿಕ ಮೇಲ್ಮೆಯುಂಟು, ಲೌಕಿಕ ಆಡಳಿತವಿಲ್ಲ ಎಂಬುದು ಅದರ ಸಾರ. ರೋಮಾಪುರಿಯನ್ನು ಬಿಟ್ಟು ಬಂದವರಿಗೆ ಅಂತಿಯೋಕ್ಯದೊಡನೆಯೂ ಅದೇ ಪ್ರಶ್ನೆ ಎದುರಾಯಿತು. ಅಗ್ರಪೂಜೆಯನ್ನೂ ಅಧಿಕಾರವನ್ನೂ ಬೇರ್ಪಡಿಸುವ ಕೆಲಸ ತಿರುವಾಂಕೂರಿನ ನ್ಯಾಯಾಧೀಶರ ಪಾಲಿಗೆ ಬಂದಿತು. ೧೯೧೨ರಲ್ಲಿ ಮಲಂಕರದಲ್ಲಿಯೇ ಕಥೋಲಿಕೋಸ್ ಪೀಠ ಸ್ಥಾಪಿತವಾಗಿ ಸಭೆ ಇಬ್ಭಾಗವಾಯಿತು. ೨೦೧೭ರ ಜುಲೈ ೩ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೩೪ರ ಸಂವಿಧಾನದಂತೆಯೇ ಆ ಸಭೆಯ ಇಗರ್ಜಿಗಳ ಆಡಳಿತ ನಡೆಯಬೇಕೆಂದು ತೀರ್ಪಿತ್ತ ಮೇಲೂ ಬೀದಿಯ ಕಲಹಗಳು ನಿಲ್ಲಲಿಲ್ಲ.

೭

ರೋಮಾಪುರಿಯ ಕಡೆಯ ಚರಿತ್ರೆಯನ್ನೂ ಪೂರ್ಣಗೊಳಿಸಬೇಕು. ೧೮೭೦ರ ಜುಲೈ ೧೮ರಂದು ಮೊದಲನೆಯ ವ್ಯಾಟಿಕನ್ ಪರಿಷತ್ತು, ಪೋಪರಿಗೆ ಸಮಸ್ತ ಸಭೆಯ ಮೇಲೂ ನೇರವಾದ ಪೂರ್ಣ ಅಧಿಕಾರವುಂಟೆಂದು ಘೋಷಿಸಿತು. ಮಹಾ ಲಿಯೊವಿನ ವಾದ ಅಲ್ಲಿ ಶಿಖರವನ್ನು ಮುಟ್ಟಿತು. ೧೯೬೪ರಲ್ಲಿ ಎರಡನೆಯ ವ್ಯಾಟಿಕನ್ ಪರಿಷತ್ತು, ಪೂರ್ವದ ಸಭೆಗಳಿಗೆ ತಮ್ಮದೇ ಪದ್ಧತಿಯಂತೆ ತಮ್ಮನ್ನು ಆಳಿಕೊಳ್ಳುವ ಹಕ್ಕೂ ಕರ್ತವ್ಯವೂ ಇವೆಯೆಂದು ಸಾರಿತು. ಮೂರುವರೆ ಶತಮಾನಗಳ ಹಿಂದೆ ಉದಯಂಪೇರೂರಿನಲ್ಲಿ ಪಾಷಂಡವೆನಿಸಿದ ಮಾತಿಗೂ ಈ ಮಾತಿಗೂ ದೂರ ಹೆಚ್ಚಿಲ್ಲ. ೧೯೨೩ರಲ್ಲಿ ಎರ್ನಾಕುಲಂ ಸೀರೊ–ಮಲಬಾರ್ ಸಭೆಯ ಆರ್ಚ್‌ಬಿಷಪ್ ಪೀಠವಾಯಿತು. ೧೯೯೨ರಲ್ಲಿ ಆ ಸಭೆಗೆ ಮೇಜರ್ ಆರ್ಚ್‌ಬಿಷಪ್ ಪದವಿ ದೊರೆತು ತನ್ನದೇ ಸಿನೊಡ್ ಪ್ರಾಪ್ತವಾಯಿತು. ೨೦೦೭ರಲ್ಲಿ ರಾವೆನ್ನದಲ್ಲಿ ಕಥೋಲಿಕ ಹಾಗೂ ಆರ್ಥೊಡಾಕ್ಸ್ ವಿದ್ವಾಂಸರು ಒಟ್ಟಿಗೆ ಕುಳಿತು, ಪ್ರಾಚೀನ ಸಭೆಯಲ್ಲಿ ರೋಮಾಪುರಿಗೆ ಮೊದಲ ಸ್ಥಾನವಿದ್ದುದನ್ನು ಇಬ್ಬರೂ ಒಪ್ಪುವರೆಂದೂ ಆ ಸ್ಥಾನಕ್ಕೆ ಸೇರಿದ ಹಕ್ಕುಗಳು ಯಾವುವೆಂಬುದರಲ್ಲಿ ಮಾತ್ರ ಭೇದವಿದೆಯೆಂದೂ ಬರೆದರು.

ಸಂಧಿಪತ್ರಗಳಿಂದ ಸ್ವಭಾವ ಬದಲಾಗುವುದಿಲ್ಲವೆಂಬುದಕ್ಕೂ ಕೊಚ್ಚಿಯೇ ನಿದರ್ಶನ. ೨೦೨೧ರಲ್ಲಿ ಸೀರೊ–ಮಲಬಾರ್ ಸಿನೊಡ್ ಎಲ್ಲ ಇಗರ್ಜಿಗಳಿಗೂ ಏಕರೂಪದ ಪೂಜಾಕ್ರಮವನ್ನು ವಿಧಿಸಿದಾಗ ಎರ್ನಾಕುಲಂ–ಅಂಗಮಾಲಿ ಪ್ರಾಂತದ ಬಹುಮಂದಿ ಪಾದ್ರಿಗಳೂ ಗೃಹಸ್ಥರೂ ಎದುರುನಿಂತರು; ೨೦೨೩ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರೇ ಅವರನ್ನು ಉದ್ದೇಶಿಸಿ ಮಾತನಾಡಬೇಕಾಯಿತು. ಈ ಬಾರಿ ಆಜ್ಞೆ ಹೊರಟುದು ಗೋವದಿಂದಲ್ಲ, ನಾಡಿನವರೇ ಆದ ಬಿಷಪ್ಪರ ಸಭೆಯಿಂದ. ಅಂತೂ ದೂರದ ಪೀಠವೇ ದಬ್ಬಾಳಿಕೆಯದು, ಹತ್ತಿರದ್ದೇ ನ್ಯಾಯದ್ದು ಎಂಬ ಸರಳ ಸೂತ್ರವೂ ಇಲ್ಲಿ ನಿಲ್ಲುವುದಿಲ್ಲ.

ಕಡೆಯದಾಗಿ, ಚರಿತ್ರೆಯ ಅಭ್ಯಾಸಿಗಳಾದ ನಮಗೆ ಸಂಬಂಧಪಟ್ಟ ಒಂದು ಮಾತು. ಕಾರ್ಥೇಜಿನ ಬಿಷಪ್ಪರು ರೋಮಾಪುರಿಯ ಪ್ರಮಾಣವನ್ನು ಪರೀಕ್ಷಿಸಲು ಬೇರೆಡೆಯ ಪ್ರತಿಗಳನ್ನು ತರಿಸಿದರು. ಪ್ರತಿಗಳು ಇದ್ದುದರಿಂದಲೇ ಅವರು ಸಮಾನರಾಗಿ ವಾದಿಸಬಲ್ಲವರಾದರು. ಉದಯಂಪೇರೂರಿನ ಪರಿಷತ್ತು ಮಲಬಾರಿನವರ ಸಿರಿಯಾಕ್ ಗ್ರಂಥಗಳನ್ನು ಹೆಸರಿಸಿ ಪಟ್ಟಿ ಮಾಡಿ, ತಿದ್ದಲೂ ಸುಡಲೂ ವಿಧಿಸಿತು. ತೋಮನ ಮಾರ್ಗವೆಂದರೇನೆಂದು ಅದನ್ನು ನಡೆದವರ ಬರಹದಿಂದ ಅರಿಯುವ ಅವಕಾಶ ಆ ಬೆಂಕಿಯಲ್ಲಿ ಬಹುಪಾಲು ಹೋಯಿತು. ಇಂದು ನಾವು ಅದನ್ನು ಅದರ ಖಂಡನೆಯಿಂದಲೇ ಊಹಿಸಿಕೊಳ್ಳಬೇಕಾಗಿದೆ. ಅಧಿಕಾರದ ವಾದದಲ್ಲಿ ಸೋತವರು ಪದವಿಯನ್ನು ಕಳೆದುಕೊಂಡರೆ ಮುಂದೊಂದು ದಿನ ಮರಳಿ ಪಡೆಯಬಹುದು. ೧೯೨೩ರಲ್ಲಿಯೂ ೧೯೯೨ರಲ್ಲಿಯೂ ಮಲಬಾರಿನವರು ಪಡೆದರು. ಕಡತಗಳನ್ನು ಕಳೆದುಕೊಂಡವರಿಗೆ ಅದನ್ನು ಹಿಂದಿರುಗಿಸಿಕೊಡುವ ಪೀಠ ಯಾವುದೂ ಇಲ್ಲ. ಪರನಾಡುಗಳಲ್ಲಿ ನೆಲಸಿ ತಮ್ಮ ಸಂಘಸಂಸ್ಥೆಗಳ ದಾಖಲೆಗಳನ್ನು ಪೆಟ್ಟಿಗೆಗಳಲ್ಲಿ ಕಾಪಾಡಿಕೊಂಡು ಬಂದಿರುವ ಕನ್ನಡಿಗರು ಇದನ್ನು ಉಳಿದವರಿಗಿಂತ ಚೆನ್ನಾಗಿ ಬಲ್ಲರು.